ಚಕ್ರಪಾಣಿಯ ಏಳನೆಯ ಸೂಟ್‌ಕೇಸ್

ಚಕ್ರಪಾಣಿ ಎನ್ನುವುದು ಅವನ ಹೆಸರಲ್ಲ. ಯಾವಾಗ ನೋಡಿದರೂ ಕೈಯಲ್ಲೊಂದು ಸೂಟ್‌ಕೇಸಿನ ಚಕ್ರ ಹಿಡಿದು, ಅದನ್ನು ಕಿವಿಯ ಹತ್ತಿರ ತಂದು ತಿರುಗಿಸಿ ಸದ್ದು ಕೇಳುತ್ತ ಕೂತಿರುತ್ತಿದ್ದನಲ್ಲ, ಅದನ್ನು ನೋಡಿ ನೋಡಿ ಪಕ್ಕದ ಕನ್ನಡಕದ ಅಂಗಡಿಯವನು ಇಟ್ಟ ಹೆಸರು ಅದು. ಇಟ್ಟವನು ಅಂಗಡಿ ಮುಚ್ಚಿಕೊಂಡು ಹೋಗಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಉಳಿದುಕೊಂಡಿತು. ರೈಲು ನಿಲ್ದಾಣದ ಎದುರಿನ ಹಳೆಯ ಕಟ್ಟಡದಲ್ಲಿ, ಮಹಡಿ ಮೆಟ್ಟಿಲಿನ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವಂಥ ಜಾಗದಲ್ಲಿ ಅವನ ಅಂಗಡಿ. ಮೂವತ್ತೆರಡು ವರ್ಷದಿಂದ ಅಲ್ಲೇ ಕೂತು ಜನರ ಬ್ಯಾಗು, ಸೂಟ್‌ಕೇಸುಗಳ ಚಕ್ರ, ಹಿಡಿಕೆ, ಜಿಪ್ಪು, ಬೀಗಗಳನ್ನು ರಿಪೇರಿ ಮಾಡುತ್ತಿದ್ದ.

ಸಾಮಾನು ಬಿಟ್ಟುಹೋಗಲು ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. ಹೊಸದು ತಗೊಳ್ಳೋದಾದರೆ ಯಾವುದು ಒಳ್ಳೆಯದು ಎಂದು ಒಂದು ಮಾತು ಕೇಳುತ್ತಿದ್ದರು. ಕೇಳಿದ್ದೇ ತಪ್ಪಾಗುತ್ತಿತ್ತು. ಚಕ್ರಪಾಣಿ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಶುರು ಮಾಡುತ್ತಿದ್ದ. ಮೊದಲು ಬೋರಲು ಹಾಕಿ ನೋಡಬೇಕು, ಚಕ್ರವನ್ನು ಸ್ಕ್ರೂ ಹಾಕಿ ಕೂರಿಸಿದ್ದಾರೋ ಬರೀ ರಿವೆಟ್ ಹೊಡೆದಿದ್ದಾರೋ ಎಂದು. ಹಿಡಿಕೆಯನ್ನು ಪೂರ್ತಿ ಮೇಲಕ್ಕೆಳೆದು ಅಲುಗಿಸಬೇಕು, ಗಡಗಡ ಅಂದರೆ ಕೈ ತೊಳೆದುಕೊಂಡು ಎದ್ದು ಬರಬೇಕು. ಜಿಪ್ಪಿನ ಹಲ್ಲನ್ನು ಉಗುರಿನಿಂದ ಕೆರೆಯಬೇಕು, ಒಳಗಿನ ಅಸ್ತರಿಯನ್ನು ಸರಿಸಿ ಮೂಲೆಯ ಹೊಲಿಗೆ ಎಣಿಸಬೇಕು, ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಮೇಲೆ ಹೆಬ್ಬೆರಳು ಒತ್ತಿ ಅದು ತಗ್ಗಿ ಮತ್ತೆ ಎದ್ದೇಳುತ್ತದೋ ನೋಡಬೇಕು, ತಗ್ಗದೇ ಇರುವುದು ಮೊದಲ ಪೆಟ್ಟಿಗೇ ಸೀಳುತ್ತದೆ. ಇಷ್ಟೆಲ್ಲ ಹೇಳಿ, ಇವೆಲ್ಲ ಸರಿಯಿರುವ ಪೆಟ್ಟಿಗೆಯನ್ನು ತಾನು ಈವರೆಗೆ ಕಂಡಿಲ್ಲ ಎಂದು ಮುಗಿಸುತ್ತಿದ್ದ. ಕೇಳಿದವರು ಹೋಗಿ ಬಣ್ಣ ನೋಡಿ ಕೊಂಡುಕೊಳ್ಳುತ್ತಿದ್ದರು.

ಇಂಥವನು ಒಂದು ರಾತ್ರಿಯ ಮಟ್ಟಿಗೂ ಊರು ಬಿಟ್ಟು ಹೋದವನಲ್ಲ. ನಿಲ್ದಾಣದ ಎದುರೇ ಕೂತು ರೈಲು ಹತ್ತದವನು ಎಂದು ಜನ ನಗುತ್ತಿದ್ದರು. ನಗುವವರಿಗೇನು, ಅವರ ಕಣ್ಣಿಗೆ ಬೀಳುವುದು ಹೋಗಿ ಬಂದವರ ಫೋಟೋ. ಇವನ ಕಣ್ಣಿಗೆ ಬೀಳುತ್ತಿದ್ದುದು ಹೋಗಿ ಬಂದ ಪೆಟ್ಟಿಗೆ. ಸುಖವಾಗಿ ಪ್ರಯಾಣ ಮುಗಿಸಿದವರಾರೂ ಇವನ ಹತ್ತಿರ ಬರುತ್ತಿರಲಿಲ್ಲ. ಬರುತ್ತಿದ್ದವರೆಲ್ಲ ನಡುದಾರಿಯಲ್ಲಿ ಹಿಡಿಕೆ ಕೈಗೆ ಬಂದವರು, ಪ್ಲಾಟ್‌ಫಾರ್ಮಿನ ಮೇಲೆ ಒಳಬಟ್ಟೆ ಚೆಲ್ಲಾಡಿದವರು, ಬೀಗ ತೆಗೆಯಲಾಗದೆ ಮದುವೆ ಮನೆಯಲ್ಲಿ ಯಾರದೋ ಅಂಗಿ ಕೇಳಿ ಹಾಕಿಕೊಂಡವರು. ಮೂವತ್ತೆರಡು ವರ್ಷ ದಿನಕ್ಕೆ ನಾಲ್ಕೈದರಂತೆ ಇಂಥ ಕಥೆ ಕೇಳಿದವನಿಗೆ ಪ್ರಯಾಣವೆಂದರೆ ಇಷ್ಟೇ ಎಂದು ಖಾತ್ರಿಯಾಗಿಬಿಟ್ಟಿತ್ತು. ಅವನಿಗೆ ಹೆದರಿಕೆ, ಅಷ್ಟೇ. ಅದನ್ನು ಅವನು ಗುಣಮಟ್ಟ ಎಂದು ಕರೆಯುತ್ತಿದ್ದ.

ಅವನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಅವಳ ಕೆಲಸ ಒಣಗಿದ ಹಾಸಿಗೆ ಹೊದಿಕೆಗಳನ್ನು ಮಡಿಸುವುದು. ಒಬ್ಬಳೇ ನಿಂತು, ನೆಲಕ್ಕೆ ತಾಗಿಸದೆ, ಇಷ್ಟುದ್ದದ ಹೊದಿಕೆಯನ್ನು ಪುಸ್ತಕದಷ್ಟು ಮಾಡಿ ಇಡುತ್ತಿದ್ದಳು. ಅವಳಿಗಿದ್ದುದು ಒಬ್ಬಳೇ ಅಕ್ಕ, ರೈಲಿನಲ್ಲಿ ಹೋದರೆ ಏಳು ಗಂಟೆಯ ದಾರಿ. ಅಕ್ಕನನ್ನು ನೋಡಿ ಹನ್ನೊಂದು ವರ್ಷವಾಗಿತ್ತು. ಕಳೆದ ಸಲ ಅಕ್ಕನೇ ಬಂದು ಹೋಗಿದ್ದಳು. ಆಮೇಲೆ ಮೂರು ಸಲ ಇವರು ಹೊರಟಿದ್ದುಂಟು. ಮೊದಲನೇ ಸಲ ಯಾರಿಂದಲೋ ತಂದ ಬ್ಯಾಗಿನ ಚಕ್ರ ಸರಿಯಿಲ್ಲವೆಂದು ನಿಂತಿತು, ಎರಡನೇ ಸಲ ಜಿಪ್ಪು, ಮೂರನೇ ಸಲ ಸ್ವಲ್ಪ ತಡೆದರೆ ಇನ್ನೂ ಒಳ್ಳೆಯ ಸೂಟ್‌ಕೇಸುಗಳು ಬರುತ್ತವೆ ಎನ್ನುವ ಆಸೆ. ಮೂರು ಸಲವೂ ಅವಳು ಹೂಂ ಅಂದು ರಜೆ ರದ್ದು ಮಾಡಿಸಿ ಹೊದಿಕೆ ಮಡಿಸಲು ಹೋದಳು. ಅವನು ಆ ಹೂಂ ಅನ್ನು ಒಪ್ಪಿಗೆ ಎಂದುಕೊಂಡ.

ನಾಲ್ಕನೇ ಸಲ ಹೂಂ ಇರಲಿಲ್ಲ. ಅಕ್ಕನ ಒಂದು ಕಣ್ಣು ಮೊದಲೇ ಹೋಗಿತ್ತು. ಈಗ ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ, ಶನಿವಾರ ಬೆಳಿಗ್ಗೆ. ಫಲಿಸಿದರೆ ಆಯಿತು, ಇಲ್ಲದಿದ್ದರೆ ಪೂರ್ತಿ ಕತ್ತಲೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಕ್ಕ ಫೋನ್ ಮಾಡಿ ಕೇಳಿದ್ದು ಒಂದೇ. ಅದಕ್ಕೆ ಮೊದಲು ಒಂದಿಡೀ ದಿನ ಬಂದು ಎದುರಿಗೆ ಕೂತ್ಕೋ, ನಿನ್ನ ಮುಖ ನೋಡ್ಕೋತೀನಿ. ಹೆಂಡತಿ ಅವತ್ತೇ ಕೆಲಸ ಮುಗಿಸಿ ಬರುವಾಗ ನಿಲ್ದಾಣದಲ್ಲಿ ಗುರುವಾರ ಹತ್ತು ಗಂಟೆಯ ರೈಲಿಗೆ ಎರಡು ಟಿಕೆಟ್ ಮಾಡಿಸಿಕೊಂಡು, ಅವನ ಅಂಗಡಿಯ ಮುಂದೆ ನಿಂತು ತೋರಿಸಿದಳು. ಈ ಸಲ ಬ್ಯಾಗಿರಲಿ ಇಲ್ಲದಿರಲಿ ಹೋಗುವುದೇ ಎಂದಳು. ಅವನ ಕಿವಿಗೆ ಬಿದ್ದದ್ದು ಬ್ಯಾಗು ಎನ್ನುವಷ್ಟು ಮಾತ್ರ. ಇನ್ನು ಹತ್ತು ದಿನ ಇದೆ, ಈ ಸಲ ಅವಳಿಗೆ ಒಂದು ಗೀರೂ ಬೀಳದಂಥ ಸೂಟ್‌ಕೇಸ್ ಹುಡುಕಿ ಕೊಟ್ಟೇ ತೀರುತ್ತೇನೆ ಎಂದು ಅವನು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದ. ಹೆಂಡತಿಯ ಮೇಲೆ ಅವನಿಗಿದ್ದ ಪ್ರೀತಿಯೆಲ್ಲ ಆ ದಾರಿಯಲ್ಲೇ ಹರಿಯುತ್ತಿತ್ತು, ಏನು ಮಾಡುವುದು.

ಮುಖ್ಯ ಬೀದಿಯ ಬ್ಯಾಗಿನ ಅಂಗಡಿಯವನು ಇವನು ಬರುವುದನ್ನು ಕಂಡು ಷಟರ್ ಎಳೆಯಲು ಹೊರಟ. ಕಾರಣವಿತ್ತು. ಪ್ರತಿ ಭಾನುವಾರ ಚಕ್ರಪಾಣಿ ಆ ಅಂಗಡಿಗೆ ಹೋಗಿ, ಕೊಳ್ಳಲು ಬಂದವರ ಪಕ್ಕ ನಿಂತು, ಅವರು ಮುಟ್ಟಿದ ಒಂದೊಂದು ಸೂಟ್‌ಕೇಸು ಎಷ್ಟು ತಿಂಗಳಿಗೆ ತನ್ನ ಹತ್ತಿರ ಬರುತ್ತದೆ ಎಂದು ಪುಕ್ಕಟೆಯಾಗಿ ಹೇಳುತ್ತಿದ್ದ. ಈ ಸಲ ಅವನೇ ಗಿರಾಕಿ ಎಂದಾಗ ಅಂಗಡಿಯವನು ಷಟರನ್ನು ಅರ್ಧಕ್ಕೆ ಬಿಟ್ಟು ಯೋಚಿಸಿದ. ಕೊನೆಗೆ ಒಪ್ಪಂದವಾಯಿತು. ಅಂಗಡಿಯಲ್ಲಿರುವ ಯಾವುದನ್ನು ಬೇಕಾದರೂ ಒಯ್ದು ಹೇಗೆ ಬೇಕಾದರೂ ಪರೀಕ್ಷೆ ಮಾಡಿಕೊಳ್ಳಬಹುದು, ಮುರಿದರೆ ಮುರಿಯಲಿ, ಇವನೇ ರಿಪೇರಿ ಮಾಡಿಕೊಡಬೇಕು. ಬದಲಿಗೆ ಚಕ್ರಪಾಣಿ ಇನ್ನು ಬದುಕಿರುವತನಕ ಭಾನುವಾರ ಆ ಬೀದಿಗೆ ಕಾಲಿಡಬಾರದು.

ಪರೀಕ್ಷೆ ನಡೆದದ್ದು ಅವರ ಮನೆಯಿದ್ದ ಮೂರು ಮಹಡಿಯ ಕಟ್ಟಡದ ಹಿತ್ತಲಿನಲ್ಲಿ. ಇಪ್ಪತ್ತು ಕಿಲೋ ಇಟ್ಟಿಗೆಯನ್ನು ಹಳೆಯ ರಗ್ಗಿನಲ್ಲಿ ಸುತ್ತಿ ತುಂಬುವುದು, ಅರವತ್ತು ಮೆಟ್ಟಿಲು ಉರುಳಿಸುವುದು, ನಲ್ಲಿಯ ಕೆಳಗೆ ಅರ್ಧ ಗಂಟೆ ನಿಲ್ಲಿಸುವುದು. ಮೊದಲನೆಯದು ಹನ್ನೊಂದನೇ ಮೆಟ್ಟಿಲಿಗೇ ಚಕ್ರ ಕಳೆದುಕೊಂಡಿತು. ಎರಡನೆಯದು ಮೆಟ್ಟಿಲು ಇಳಿಯಿತು, ನಲ್ಲಿಯ ಕೆಳಗೆ ಹೊಟ್ಟೆ ತುಂಬ ನೀರು ಕುಡಿಯಿತು. ಇಷ್ಟು ಹೊತ್ತಿಗೆ ಕಟ್ಟಡದವರೆಲ್ಲ ಬಾಲ್ಕನಿಗೆ ಬಂದು ನಿಂತಿದ್ದರು. ಮೇಲಿನ ಮನೆಯ ಡ್ರಾಯಿಂಗ್ ಮೇಷ್ಟ್ರು ಒಂದು ಕರಿಹಲಗೆ ತಂದು ಗೋಡೆಗೆ ಒರಗಿಸಿ ಅಂಕ ಬರೆಯತೊಡಗಿದರು. ಮೂರನೆಯದಾದ ಹಸಿರು ಸೂಟ್‌ಕೇಸಿಗೆ ಎರಡನೇ ಮಹಡಿಯಲ್ಲಿ ತುಂಬ ಅಭಿಮಾನಿಗಳಿದ್ದರು. ಅದರ ಹಿಡಿಕೆ ಕಿತ್ತು ಬಂದಾಗ ಮೇಷ್ಟ್ರು ಎಲ್ಲರಿಗೂ ಒಂದು ನಿಮಿಷ ಮೌನವಾಗಿ ನಿಲ್ಲಲು ಹೇಳಿದರು, ಎಲ್ಲರೂ ನಿಂತರು. ಚಕ್ರಪಾಣಿ ಮಾತ್ರ ಪ್ರತಿಯೊಂದು ಸೋತಾಗಲೂ ಒಳಗೊಳಗೇ ಹಗುರಾಗುತ್ತಿದ್ದ. ಅದೇಕೆ ಎಂದು ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ನಾಲ್ಕನೆಯದಕ್ಕೆ ಅವನು ಪಾರ್ಸೆಲ್ ಆಫೀಸಿನಲ್ಲಿ ನಲವತ್ತು ವರ್ಷ ಸಾಮಾನು ಎಸೆದು ನಿವೃತ್ತನಾದ ಹಮಾಲಿಯನ್ನು ಕರೆಸಿದ. ತಾನು ಎಸೆದರೆ ಅದರಲ್ಲಿ ದಯೆ ಸೇರಿಕೊಳ್ಳುತ್ತದೆ, ದಯೆಯಿಲ್ಲದ ಕೈ ಬೇಕು ಎನ್ನುವುದು ಅವನ ವಾದ. ಹಮಾಲಿ ಬಂದ, ತೋಳು ಮಡಚಿದ, ಸೂಟ್‌ಕೇಸ್ ಎತ್ತಿದ, ಹಾಗೇ ಕೆಳಗಿಟ್ಟುಬಿಟ್ಟ.

“ಮಾಲೀಕರು ನೋಡ್ತಾ ಇದ್ರೆ ನನ್ನ ಕೈ ಏಳಲ್ಲ ಸ್ವಾಮಿ. ನಲವತ್ತು ವರ್ಷದ ಅಭ್ಯಾಸ.”

ಚಕ್ರಪಾಣಿ ಗೋಡೆಯ ಕಡೆ ತಿರುಗಿ ನಿಂತ. ಆಗಲೂ ಆಗಲಿಲ್ಲ, ಮಾಲೀಕರು ಉಸಿರಾಡುವುದು ಕೇಳಿಸುತ್ತಿದೆಯಂತೆ. ಕೊನೆಗೆ ಅವನು ಬೀದಿಯ ತುದಿಯವರೆಗೆ ಹೋಗಿ ಚಹಾ ಕುಡಿಯುತ್ತ ನಿಲ್ಲಬೇಕು, ಅಷ್ಟರಲ್ಲಿ ಎಸೆತ ಮುಗಿಯಬೇಕು ಎಂದಾಯಿತು. ಅವನು ಅಲ್ಲಿಂದಲೇ ಧೊಪ್ಪೆನ್ನುವ ಸದ್ದು ಕೇಳಿ, ಲೋಟ ಕೆಳಗಿಡುತ್ತ, ಎಡಗಡೆ ಹಿಂದಿನ ಚಕ್ರ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬಂದು ನೋಡಿದರೆ ಅದೇ ಆಗಿರುತ್ತಿತ್ತು. ಹೀಗೆ ನಾಲ್ಕು, ಐದು, ಆರು ಮುಗಿದವು. ಸೋಮವಾರ ಬಂತು, ಹೆಂಡತಿ ಅಟ್ಟದ ಮೇಲಿನ ಹಳೆಯ ಕೈಚೀಲ ತೆಗೆದು ಒಗೆದು ಹಾಕಿದಳು. ಅವನು ಅದನ್ನು ಒಣಗುವ ಹಗ್ಗದಿಂದ ತೆಗೆದು ಇಟ್ಟಿಗೆ ತುಂಬಿ ನೋಡಿದ. ಅದರ ಕಥೆ ಅಲ್ಲಿಗೆ ಮುಗಿಯಿತು.

ಏಳನೆಯದು ಮಾರಾಟಕ್ಕಿದ್ದುದೇ ಅಲ್ಲ. ಬೂದು ಬಣ್ಣದ, ನೋಡಿದರೆ ಮುಖ ಸಿಂಡರಿಸುವಂಥ, ಈಗ ಯಾರೂ ತಯಾರಿಸದ ಪೆಟ್ಟಿಗೆ. ಬ್ಯಾಗಿನ ಅಂಗಡಿಯವನು ಹದಿನಾರು ವರ್ಷದಿಂದ ಅದರ ಮೇಲೆಯೇ ಕೂತು ವ್ಯಾಪಾರ ಮಾಡುತ್ತಿದ್ದ. ಅವನದು ಸಣ್ಣ ಶರೀರವಲ್ಲ. ಅದು ನನ್ನ ಕುರ್ಚಿ ಎಂದು ಗೋಗರೆದರೂ ಚಕ್ರಪಾಣಿ ಸೊಪ್ಪು ಹಾಕಲಿಲ್ಲ. ಒಪ್ಪಂದದಲ್ಲಿ ಅಂಗಡಿಯಲ್ಲಿರುವ ಯಾವುದನ್ನು ಬೇಕಾದರೂ ಎಂದಿತ್ತು. ಅಂಗಡಿಯವನು ಎದ್ದು ನಿಂತು ವ್ಯಾಪಾರ ಮಾಡತೊಡಗಿದ, ಪೆಟ್ಟಿಗೆ ಹಿತ್ತಲಿಗೆ ಬಂತು.

ಅದು ಮೆಟ್ಟಿಲಿಗೆ ಜಗ್ಗಲಿಲ್ಲ, ನಲ್ಲಿಗೆ ಜಗ್ಗಲಿಲ್ಲ, ಹಮಾಲಿಗೆ ಜಗ್ಗಲಿಲ್ಲ. ಮೂರನೇ ಎಸೆತಕ್ಕೆ ಹಮಾಲಿ ಟೋಪಿ ತೆಗೆದ. ಮೇಷ್ಟ್ರು ಕರಿಹಲಗೆಯ ಮೇಲೆ ಅಂಕ ಬರೆಯದೆ ಪೆಟ್ಟಿಗೆಯ ಚಿತ್ರವನ್ನೇ ಬರೆದರು. ಚಕ್ರಪಾಣಿಗೆ ದಿಗಿಲಾಯಿತು, ಇನ್ನು ಹೋಗಲೇಬೇಕಲ್ಲ. ಆದರೆ ಕಸುಬಿನವನಲ್ಲವೇ, ಖುಷಿಯೂ ಆಯಿತು. ಅದರಲ್ಲಿ ಅವನಿಗೆ ಕಂಡ ಊನ ಒಂದೇ, ಬೀಗ. ಅದನ್ನು ಬಿಚ್ಚಿ ಎಸೆದು, ತಾನು ಎಷ್ಟೋ ವರ್ಷದಿಂದ ಕೂಡಿಟ್ಟುಕೊಂಡಿದ್ದ ಗಟ್ಟಿ ಉಕ್ಕಿನ ಬೀಗ ಕೂರಿಸಿದ, ಒಂದು ಸ್ಪ್ರಿಂಗ್ ಸಾಲದೆಂದು ಎರಡು ಹಾಕಿದ. ಮುಚ್ಚಳದ ಹಿಂದಿನ ತಿರುಗಣಿಗಳನ್ನೂ ಬದಲಾಯಿಸಿದ. ಕಳ್ಳನ ಕಣ್ಣಿಗೆ ಒಂದೂ ಸ್ಕ್ರೂ ಕಾಣಬಾರದು ಎನ್ನುವುದು ಅವನ ಕಸುಬಿನ ಮೊದಲ ನೇಮ. ಹಾಗಾಗಿ ಎಲ್ಲ ಸ್ಕ್ರೂಗಳನ್ನೂ ಒಳಗಿನಿಂದಲೇ ಬಿಗಿದ.

ಬುಧವಾರ ಮಧ್ಯಾಹ್ನ ಕೊನೆಯ ಪರೀಕ್ಷೆ. ಇಟ್ಟಿಗೆ ಕೂರುವ ರೀತಿಯೇ ಬೇರೆ, ಬಟ್ಟೆ ಕೂರುವ ರೀತಿಯೇ ಬೇರೆ, ಆದ್ದರಿಂದ ಈ ಸಲ ನಿಜವಾದ ಸಾಮಾನೇ ಇರಬೇಕು ಎಂದು ಅವನು ಹಟ ಹಿಡಿದ. ಹೆಂಡತಿ ಬೇಡವೆನ್ನುತ್ತಲೇ ಎಲ್ಲವನ್ನೂ ಮಡಿಸಿ ಇಟ್ಟಳು. ಇಬ್ಬರ ಬಟ್ಟೆ, ಎರಡು ಚಳಿಗಾಲ ಕೂತು ಅಕ್ಕನಿಗಾಗಿ ಹೆಣೆದ ಶಾಲು, ಮರೆಯಬಾರದೆಂದು ಎಲ್ಲಕ್ಕಿಂತ ಮೇಲೆ ಎರಡು ಟಿಕೆಟ್. ಚಕ್ರಪಾಣಿ ಚಹಾ ಕುಡಿಯಲು ಹೋದ. ಹಮಾಲಿ ಎರಡನೇ ಮಹಡಿಯಿಂದ ತನ್ನ ಬಾಳಿನಲ್ಲೇ ಅತ್ಯುತ್ತಮವಾದ ಎಸೆತವೊಂದನ್ನು ಎಸೆದ. ಪೆಟ್ಟಿಗೆ ಒಂದು ಮೂಲೆಯ ಮೇಲೆ ಬಿದ್ದು, ಒಮ್ಮೆ ಪುಟಿದು, ನಾಲ್ಕು ಚಕ್ರದ ಮೇಲೆ ತಾನೇ ಎದ್ದು ನಿಂತಿತು. ಬಾಲ್ಕನಿಗಳಲ್ಲಿ ಚಪ್ಪಾಳೆ ಬಿತ್ತು. ಚಹಾದ ಅಂಗಡಿಯಲ್ಲಿದ್ದ ಚಕ್ರಪಾಣಿಗೆ ಅವತ್ತು ಮೊದಲ ಬಾರಿಗೆ ಸದ್ದಿನಿಂದ ಏನೂ ಗೊತ್ತಾಗಲಿಲ್ಲ.

ಬಂದು ಬೀಗಕ್ಕೆ ಕೀಲಿ ಹಾಕಿದ. ಕೀಲಿ ತಿರುಗಿತು. ಪೆಟ್ಟಿಗೆ ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಕಿವಿಯಿಟ್ಟು ಅಲುಗಿಸಿ ನೋಡಿದ, ಎರಡನೇ ಸ್ಪ್ರಿಂಗು ಮೊದಲನೆಯದರ ಹಿಂದೆ ಸಿಕ್ಕಿಹಾಕಿಕೊಂಡಿತ್ತು. ಬಿಚ್ಚಬೇಕೆಂದರೆ ಎಂಟು ಸ್ಕ್ರೂ ತೆಗೆಯಬೇಕು. ಎಂಟೂ ಒಳಗಿದ್ದವು. ಹಮಾಲಿ ಕಾಲಿಗೆ ಬುದ್ಧಿ ಹೇಳಿದ, ಬಾಲ್ಕನಿಯವರು ಒಬ್ಬೊಬ್ಬರಾಗಿ ಒಳಗೆ ಹೋದರು.

ಗುರುವಾರ ಬೆಳಿಗ್ಗೆ ಎಂಟೂವರೆಗೂ ಅವನು ಪೆಟ್ಟಿಗೆಯ ಮುಂದೆಯೇ ಕೂತಿದ್ದ. ಸುತ್ತ ಮೂವತ್ತು ತರಹದ ಕೊಕ್ಕೆ, ತಂತಿ, ಚಿಮುಟ. ಹೆಂಡತಿ ಕೆಲಸಕ್ಕೆ ಹೋಗುವ ಉಡುಪಿನಲ್ಲೇ ಬಂದು ನಿಂತಳು, ಒಳ್ಳೆಯ ಬಟ್ಟೆಯೆಲ್ಲ ಒಳಗಿತ್ತು.

“ಒಡೀರಿ” ಎಂದಳು.

“ಒಡೆದ್ರೆ ಸಾಮಾನು ಹಾಕೋದು ಯಾವುದಕ್ಕೆ?”

ಅವನು ಕುಚೋದ್ಯಕ್ಕೆ ಹೇಳಿದ್ದಲ್ಲ. ಅವನ ಪರೀಕ್ಷೆಯಲ್ಲಿ ಗೆದ್ದು ಉಳಿದದ್ದು ಇದೊಂದೇ. ಇದನ್ನು ಒಡೆದರೆ ಒಯ್ಯಲು ಪೆಟ್ಟಿಗೆಯಿಲ್ಲ, ಒಡೆಯದಿದ್ದರೆ ಟಿಕೆಟ್ ಇಲ್ಲ. ಮೇಲಾಗಿ, ಮೂವತ್ತೆರಡು ವರ್ಷದಲ್ಲಿ ಮುಚ್ಚಿದ ಪೆಟ್ಟಿಗೆಯೊಂದನ್ನು ಅವನು ಒಡೆದು ತೆಗೆದದ್ದಿಲ್ಲ. ಬೇರೆಯವರ ಲಡಾಸು ಪೆಟ್ಟಿಗೆಗಳನ್ನೇ ಒಡೆಯದವನು ತನ್ನ ಕೈಯಾರೆ ಗಟ್ಟಿ ಮಾಡಿದ್ದನ್ನು ಒಡೆಯುವುದು ಹೇಗೆ? ಇನ್ನೊಂದು ಗಂಟೆ ಕೊಡು ಎಂದು ಬೇಡಿಕೊಂಡ.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿ ಮೆಟ್ಟಿಕೊಂಡು, ಸಣ್ಣ ಪರ್ಸನ್ನು ಕೈಯಲ್ಲಿ ಹಿಡಿದುಕೊಂಡಳು. ಸೀಟಿನ ನಂಬರು ತನಗೆ ಬಾಯಿಪಾಠವಿದೆ, ಗುರುತಿನ ಚೀಟಿ ಪರ್ಸಿನಲ್ಲಿದೆ, ರೈಲಿನವರಿಗೆ ಹೇಗಾದರೂ ಹೇಳಿಕೊಳ್ಳುತ್ತೇನೆ ಎಂದಳು. ತೆಗೆದ ತಕ್ಷಣ ಸಂಜೆ ಬಸ್ಸಿಗೆ ಬಂದುಬಿಡುತ್ತೇನೆ ಎಂದು ಅವನು ಅಂದ. ಅವಳು ಬರೀ ಕೈಯಲ್ಲಿ ಮೆಟ್ಟಿಲಿಳಿದು ಹೋದಳು, ಪಕ್ಕದ ಬೀದಿಗೆ ತರಕಾರಿಗೆ ಹೋಗುವವರ ಹಾಗೆ.

ಸಂಜೆ ಬಸ್ಸು ಹೋಯಿತು. ಶುಕ್ರವಾರ ಬೆಳಿಗ್ಗೆಯ ಎರಡು ಬಸ್ಸುಗಳಲ್ಲಿ ಮೊದಲನೆಯದೂ ಹೋಯಿತು. ಅಷ್ಟರಲ್ಲಿ ಅವನು ಡ್ರಿಲ್ಲಿನ ತುದಿಯನ್ನು ಹಿಂದಿನ ತಿರುಗಣಿಯ ಮೇಲಿಟ್ಟು, ನಾಲ್ಕು ಮಿಲಿಮೀಟರ್ ತೂತು ಮಾಡಿದರೆ ಆಮೇಲೆ ಮುಚ್ಚಬಹುದೋ ಇಲ್ಲವೋ ಎಂದು ಆರು ಸಲ ಲೆಕ್ಕ ಹಾಕಿ, ಆರು ಸಲ ತೆಗೆದಿಟ್ಟಿದ್ದ. ಊಟ ಸೇರಿರಲಿಲ್ಲ. ಆಗ ಫೋನ್ ಬಂತು. ಹೆಂಡತಿ ಇರಬೇಕೆಂದು ಎತ್ತಿದರೆ ಅವಳ ಅಕ್ಕ. ಅವನ ಜೊತೆ ಅವಳು ನೇರವಾಗಿ ಮಾತಾಡಿದ್ದೇ ಕಡಿಮೆ, ಒಂದು ದಿನವೂ ದನಿಯೇರಿಸಿ ಮಾತಾಡಿದವಳಲ್ಲ. ಅವತ್ತೂ ಮೆಲ್ಲಗೇ ಹೇಳಿದಳು.

“ನೋಡಿ, ನೀವು ಬರಲಿಲ್ಲ ಅಂತ ನನಗೇನೂ ಬೇಜಾರಿಲ್ಲ. ನಿಮ್ಮ ಮುಖ ನನಗೆ ನೆನಪಿದೆ, ಸಾಕು. ಆದ್ರೆ ಇವಳು ನಿನ್ನೆ ಸಂಜೆಯಿಂದ ನನ್ನ ಎದುರಿಗೆ ಕೂತಿದ್ದಾಳೆ, ಕಣ್ಣೆಲ್ಲ ಬಾಗಿಲ ಕಡೆ. ಈ ಕಡೆ ತಿರುಗು ಅಂದ್ರೆ ತಿರುಗ್ತಾಳೆ, ಮತ್ತೆ ಅಲ್ಲಿಗೇ ಹೋಗುತ್ತೆ. ನನಗೆ ಅವಳ ಮುಖದ ಒಂದು ಪಕ್ಕ ಮಾತ್ರ ಕಾಣಿಸ್ತಾ ಇದೆ. ನನಗಿರೋದು ಇವತ್ತು ಒಂದು ದಿನ. ಬಂದು ಕೂತ್ಕೊಂಡುಬಿಡಿ, ಅವಳು ಈ ಕಡೆ ತಿರುಗಲಿ.”

ಚಕ್ರಪಾಣಿ ಹೂಂ ಅಂದ. ಫೋನ್ ಇಟ್ಟ ಮೇಲೆ ಅವನಿಗೆ ನಾಚಿಕೆಯಾಯಿತು. ಜೀವಮಾನದಲ್ಲಿ ಎಂದೂ ಆಗದಷ್ಟು ನಾಚಿಕೆ, ಕಿವಿಯೆಲ್ಲ ಬಿಸಿಯಾಗುವಂಥದ್ದು. ಹನ್ನೊಂದು ವರ್ಷ, ಮೂರು ರಜೆ, ಅವಳ ಆ ಹೂಂಗಳು ಎಲ್ಲ ಒಟ್ಟಿಗೇ ಅರ್ಥವಾದವು. ಡ್ರಿಲ್ಲು ಅಲ್ಲೇ ಬಿಟ್ಟ. ಪೆಟ್ಟಿಗೆ ಒಡೆಯಲೂ ಈಗ ಹೊತ್ತಿರಲಿಲ್ಲ. ಎರಡನೇ ಬಸ್ಸಿಗೆ ಇಪ್ಪತ್ತೇ ನಿಮಿಷವಿತ್ತು. ಎಣ್ಣೆ ಮೆತ್ತಿದ ಅಂಗಿಯಲ್ಲೇ, ಎಡಗಾಲಿಗೊಂದು ಬಲಗಾಲಿಗೊಂದು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಓಡಿದ.

ಬಸ್ಸಿನಲ್ಲಿ ಅವನ ಮೊದಲ ಪ್ರಯಾಣ ಹೀಗಾಯಿತು. ಮೇಲಿನ ಕಂಬಿಯ ಮೇಲೆ ಮೂವತ್ತು ಜನರ ಸಾಮಾನಿತ್ತು. ಮುಕ್ಕಾಲು ಪಾಲಿಗೆ ಹಿಡಿಕೆಯಿಲ್ಲ, ಒಂದಕ್ಕೆ ಜಿಪ್ಪೇ ಇಲ್ಲ, ಹಗ್ಗ ಕಟ್ಟಿತ್ತು, ಒಂದು ಬರೀ ದಿಂಬಿನ ಚೀಲ. ಅವುಗಳ ಕೆಳಗೆ ಜನ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು. ಅವನಿಗೆ ಇವರನ್ನೆಲ್ಲ ಎಬ್ಬಿಸಿ ಎಚ್ಚರಿಸಬೇಕು ಅನಿಸಿತು. ಎಂಟು ಗಂಟೆಯ ದಾರಿಯಲ್ಲಿ ಒಂದೂ ಬೀಳಲಿಲ್ಲ, ಬಿಚ್ಚಲಿಲ್ಲ. ಅವನ ಕೈಗಳಿಗೆ ಮಾಡಲು ಏನೂ ಇರಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಕೂತ.

ಅಕ್ಕನ ಮನೆ ಮುಟ್ಟುವ ಹೊತ್ತಿಗೆ ಐದೂವರೆಯಾಗಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಕಿಟಕಿಯ ಪಕ್ಕದ ಮೇಜಿಗೆ ಎದುರುಬದುರಾಗಿ ಅಕ್ಕ ತಂಗಿ ಕೂತಿದ್ದರು. ತಂಗಿ ಬಾಗಿಲನ್ನೇ ನೋಡುತ್ತಿದ್ದಳು. ಅವನನ್ನು ಕಂಡಳು, ಆಮೇಲೆ ಅವನ ಎರಡೂ ಕೈಗಳನ್ನು ನೋಡಿದಳು, ಆಮೇಲೆ ಚಪ್ಪಲಿಗಳನ್ನು.

“ಪೆಟ್ಟಿಗೆ ಎಲ್ಲಿ?”

“ಮನೇಲಿದೆ.”

“ತೆರೀತಾ?”

“ಇಲ್ಲ” ಎಂದ ಅವನು. ಸುಮ್ಮನಿರಬಹುದಾಗಿತ್ತು. ಆದರೆ ಆ ಮನುಷ್ಯನಿಗೆ ಸುಳ್ಳು ಬರುವುದಿಲ್ಲ. “ತುಂಬಾ ಒಳ್ಳೆ ಪೆಟ್ಟಿಗೆ ಕಣೆ.”

ಹೆಂಡತಿ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ಮೊದಲು ತಡೆದಳು, ತಡೆಯಲಾಗಲಿಲ್ಲ. ಮೇಜು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕೇಳಿದೆಯಾ ಅಕ್ಕ, ಕೇಳಿದೆಯಾ ಎನ್ನುತ್ತ ಅಕ್ಕನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೂದಲು ಬಿಚ್ಚಿ ಹರಡಿತ್ತು, ನಗು ನಿಲ್ಲುತ್ತಿರಲಿಲ್ಲ.

ಅಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡೂ ಕೈಯಿಂದ ಆ ಮುಖವನ್ನು ಹಿಡಿದು ಕಿಟಕಿಯ ಬೆಳಕಿಗೆ ತಂದಳು. ಹಾಗೇ ಇರು, ಅಲ್ಲಾಡಬೇಡ ಎಂದಳು. ಚಕ್ರಪಾಣಿ ಹೊಸ್ತಿಲಲ್ಲೇ ನಿಂತಿದ್ದ. ಅಕ್ಕ ಅವನ ಕಡೆ ತಿರುಗಲೂ ಇಲ್ಲ. ಹೊರಗೆ ಬೆಳಕು ಪೂರ್ತಿ ಹೋಗುವವರೆಗೂ ತಂಗಿಯ ಮುಖ ನೋಡಿದಳು.